ಡೇಟಾ ಸರಿಪಡಿಸುವವರೇ ಚಾರ್ಟ್ ಕೂಡ ಬಿಡಿಸಬೇಕು

(ಬಿಸಿನೆಸ್ ಅನಲಿಸ್ಟ್‌ಗಳ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ಮಾತು. ಡೇಟಾ ಸರಿಪಡಿಸುವ ಕೆಲಸವನ್ನೂ ಅದರಿಂದ ಚಾರ್ಟ್ ಬಿಡಿಸುವ ಕೆಲಸವನ್ನೂ ಒಬ್ಬರೇ ಕೂತು, ಒಂದರ ಪಕ್ಕ ಒಂದು ಇಟ್ಟುಕೊಂಡು ಮಾಡಬೇಕು. ಆ ಒಬ್ಬರು ಬಿಸಿನೆಸ್ ಅನಲಿಸ್ಟ್ ಆಗಿರಬೇಕು, ಅಂದರೆ ನೀವು.

ಬಹಳ ಕಡೆ ಹೀಗೆ ನಡೆಯಲ್ಲ. ಡೇಟಾ ಟೀಮಿನವರು ಫೈಲ್ ಕ್ಲೀನ್ ಮಾಡಿ ಕಳಿಸುತ್ತಾರೆ. ನೀವು ಚಾರ್ಟ್‌ಗಳನ್ನೆಲ್ಲ ಒಟ್ಟಿಗೆ ತೋರಿಸುವ ಡ್ಯಾಶ್‌ಬೋರ್ಡ್ ಕಟ್ಟುತ್ತೀರಿ. ಚಾರ್ಟ್ ಬಂದ ಕೂಡಲೇ ಏನೋ ಎಡವಟ್ಟು ಕಾಣುತ್ತೆ, ಮೇಲ್ ಹಾಕುತ್ತೀರಿ, ಟಿಕೆಟ್ ಎತ್ತುತ್ತೀರಿ, ಕಾಯುತ್ತೀರಿ, ಹೊಸ ಫೈಲ್ ಬರುತ್ತೆ, ಅದರಲ್ಲಿ ಇನ್ನೊಂದು ಎಡವಟ್ಟು ಇರುತ್ತೆ, ಅಷ್ಟರಲ್ಲಿ ಮೀಟಿಂಗ್ ಬಂದೇ ಬಿಡುತ್ತೆ. ಯಾರೂ ಸೋಮಾರಿಗಳಲ್ಲ, ಯಾರಿಗೂ ಕೆಲಸ ಬರಲ್ಲ ಅಂತಲೂ ಅಲ್ಲ. ತಪ್ಪು ಕಾಣುವುದು ಒಬ್ಬರ ಕಣ್ಣಿಗೆ, ಅದನ್ನು ತಿದ್ದುವ ಅಧಿಕಾರ ಇನ್ನೊಬ್ಬರ ಕೈಯಲ್ಲಿ. ತೊಂದರೆ ಇರುವುದು ಅಲ್ಲಿ.

ಈ ಒಡಕು ಎಲ್ಲಿಂದ ಬಂತು ಅಂತ ಸ್ವಲ್ಪ ಹಿಂದೆ ಹೋಗಿ ನೋಡೋಣ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪೊಲಾರಿಸ್ ಅನ್ನೋ ಸಂಶೋಧನೆಯಿಂದ ಹುಟ್ಟಿದ್ದು ಚಾರ್ಟ್ ಬಿಡಿಸುವ ಸಾಫ್ಟ್‌ವೇರ್ ಟ್ಯಾಬ್ಲೋ. 2003ರಲ್ಲಿ ಅದು ಕಂಪನಿ ಆಯಿತು. ಕಾಲಂ ಹೆಸರನ್ನು ಎಳೆದು ತಂದು ಬಿಟ್ಟರೆ ಸಾಕು, ಚಾರ್ಟ್ ರೆಡಿ. ಬಿಡಿಸುವ ಕಷ್ಟ ಬಹುಪಾಲು ಅಲ್ಲಿಗೆ ಕಳೆಯಿತು. ಆದರೆ ಅದಕ್ಕೆ ಕೊಡುವ ಟೇಬಲ್ ಮಾತ್ರ ನೀಟಾಗಿರಬೇಕಿತ್ತು. ನೀಟಾದ ಟೇಬಲ್ ಎಲ್ಲಿಂದ ತರೋದು? ಅದು ಎಕ್ಸೆಲ್‌ನಲ್ಲೋ ಐಟಿಯವರ ಸ್ಕ್ರಿಪ್ಟ್‌ನಲ್ಲೋ ಉಳಿದುಕೊಂಡಿತು.

2012ರಲ್ಲಿ ಸಂಶೋಧಕ ಶಾನ್ ಕ್ಯಾಂಡೆಲ್ ಮತ್ತು ಜೊತೆಗಾರರು 25 ಸಂಸ್ಥೆಗಳ 35 ಅನಲಿಸ್ಟ್‌ಗಳನ್ನು ಕೂರಿಸಿ ಮಾತಾಡಿಸಿ ಒಂದು ಅಧ್ಯಯನ ಮಾಡಿದರು. ಅದರಲ್ಲಿ ಮೂರು ಥರದ ಅನಲಿಸ್ಟ್‌ಗಳು ಸಿಕ್ಕರು. ಹಲವು ಭಾಷೆಗಳಲ್ಲಿ ಕೋಡ್ ಬರೆದು ಎಲ್ಲವನ್ನೂ ತಾವೇ ಮಾಡಿಕೊಳ್ಳುವವರು ಒಂದು ಗುಂಪು, ಆರ್, ಮ್ಯಾಟ್‌ಲ್ಯಾಬ್ ಥರದ ಲೆಕ್ಕಾಚಾರದ ಸಾಫ್ಟ್‌ವೇರ್‌ನಲ್ಲಿ ಸ್ಕ್ರಿಪ್ಟ್ ಬರೆಯುವವರು ಇನ್ನೊಂದು, ಎಕ್ಸೆಲ್‌ನಂಥ ಸಾಫ್ಟ್‌ವೇರ್ ಒಳಗೇ ಕೆಲಸ ಮಾಡುವವರು ಮೂರನೆಯದು. ಈ ಮೂರನೇ ಗುಂಪಿನವರು ಡೇಟಾಗೆ ಸಾಮಾನ್ಯವಾಗಿ ಐಟಿಯವರನ್ನು ನೆಚ್ಚಿಕೊಂಡಿದ್ದರು. ಇಲ್ಲಿ ಕೂತವರಲ್ಲಿ ಬಹಳ ಮಂದಿ ಆ ಗುಂಪಿನವರೇ ಅಲ್ವಾ? ವ್ಯವಹಾರ ಚೆನ್ನಾಗಿ ಗೊತ್ತಿರುವವರು, ಆದರೆ ಡೇಟಾ ಮುಟ್ಟಲು ಇನ್ನೊಬ್ಬರ ದಾರಿ ಕಾಯಬೇಕಾದವರು.

ಇದೇ ಬಳಗದವರು ಅದಕ್ಕೆ ಒಂದು ವರ್ಷ ಮೊದಲೇ ರ‍್ಯಾಂಗ್ಲರ್ ಅನ್ನೋ ಸಾಧನದ ಬಗ್ಗೆ ಬರೆದಿದ್ದರು. ಟೇಬಲ್‌ನಲ್ಲಿ ಏನಾದರೂ ಒಂದನ್ನು ಆರಿಸಿ ತೋರಿಸಿದರೆ ಸಾಕು, ಏನು ಬದಲಾವಣೆ ಬೇಕಿರಬಹುದು ಅಂತ ಅದೇ ಸೂಚಿಸುತ್ತಿತ್ತು, ಮಾಡಿದ ಪ್ರತಿ ಹೆಜ್ಜೆಯನ್ನೂ ಬರೆದಿಟ್ಟುಕೊಳ್ಳುತ್ತಿತ್ತು. ಅದು 2012ರಲ್ಲಿ ಟ್ರೈಫ್ಯಾಕ್ಟಾ ಕಂಪನಿ ಆಯಿತು, 2022ರಲ್ಲಿ ಅದನ್ನು ಆಲ್ಟರಿಕ್ಸ್ ಕೊಂಡುಕೊಂಡಿತು. ಈ ಕಡೆ ಮೈಕ್ರೋಸಾಫ್ಟ್‌ನವರು ಎಕ್ಸೆಲ್ 2010, 2013ಕ್ಕೆ ಡೇಟಾ ಸರಿಪಡಿಸುವ ಪವರ್ ಕ್ವೆರಿಯನ್ನು ಬೇರೆಯಾಗಿ ಹಾಕಿಕೊಳ್ಳುವ ಆಡ್-ಇನ್ ಆಗಿ ಕೊಟ್ಟರು, ಎಕ್ಸೆಲ್ 2016ರಲ್ಲಿ ಅದನ್ನು ಡೇಟಾ ಟ್ಯಾಬ್ ಒಳಗೇ ಸೇರಿಸಿದರು. 2015ರ ಜುಲೈನಲ್ಲಿ ಎಲ್ಲರ ಕೈಗೂ ಬಂದ, ಚಾರ್ಟ್ ಮತ್ತು ಡ್ಯಾಶ್‌ಬೋರ್ಡ್ ಮಾಡುವ ಪವರ್ ಬಿಐ ಒಳಗೂ ಇರೋದು ಅದೇ ಪವರ್ ಕ್ವೆರಿ. ಟ್ಯಾಬ್ಲೋದವರೂ 2018ರಲ್ಲಿ ಡೇಟಾ ಸರಿಪಡಿಸಲು ಟ್ಯಾಬ್ಲೋ ಪ್ರೆಪ್ ತಂದರು. ಅಂದರೆ ಎರಡೂ ಕೆಲಸವನ್ನು ಜೊತೆಯಲ್ಲಿ ಮಾಡುವ ಸಾಧನ ಈಗ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇದೆ, ಬಹುಶಃ ಈಗಾಗಲೇ ದುಡ್ಡು ಕೊಟ್ಟು ತಗೊಂಡೂ ಆಗಿದೆ. ಬಳಸುವ ರೀತಿ ಮಾತ್ರ ಇನ್ನೂ ಹಳೇದೇ. ಮೊದಲು ಪೂರ್ತಿ ಕ್ಲೀನ್ ಮಾಡೋದು, ಆಮೇಲೆ ಚಾರ್ಟ್ ಅನ್ನೋದು.

ನಾನು ಹೇಳೋದು, ಕಚ್ಚಾ ಡೇಟಾ ಬಂದ ಕೂಡಲೇ ಚಾರ್ಟ್ ಹಾಕಿ. ಯಾರಿಗೂ ತೋರಿಸಲು ಅಲ್ಲ, ನಿಮಗೇ ನೋಡಲು. ಡೇಟಾದಲ್ಲಿ ಏನು ಕೆಟ್ಟಿದೆ ಅಂತ ಚಾರ್ಟ್ ಹೇಳುವಷ್ಟು ಬೇಗ ಬೇರೆ ಯಾವುದೂ ಹೇಳಲ್ಲ.

ಒಂದು ಉದಾಹರಣೆ ತಗೊಳ್ಳೋಣ. ಕರ್ನಾಟಕದಲ್ಲಿ ದಿನಸಿ ಮಾಲು ಹಂಚುವ ಒಂದು ಕಂಪನಿ ಅಂತ ಇಟ್ಟುಕೊಳ್ಳಿ. ಜೂನ್ 2024ರ ಮಾರಾಟದ ಫೈಲ್ ಬಂದಿದೆ. ತಾರೀಖನ್ನು ನಮ್ಮ ರೀತಿಯಲ್ಲೇ ಬರೆದಿದ್ದಾರೆ, ಮೊದಲು ದಿನ, ಆಮೇಲೆ ತಿಂಗಳು. 05/06/2024 ಅಂದರೆ ಜೂನ್ 5. ಆದರೆ ನಿಮ್ಮ ಲ್ಯಾಪ್‌ಟಾಪ್ ಸೆಟ್ಟಿಂಗ್ ಅಮೆರಿಕದ್ದು. ಪವರ್ ಕ್ವೆರಿ ಅದನ್ನು ಮೇ 6 ಅಂತ ಓದುತ್ತೆ. ಜೂನ್ 1 ಜನವರಿ 6 ಆಗುತ್ತೆ, ಜೂನ್ 2 ಫೆಬ್ರವರಿ 6 ಆಗುತ್ತೆ, ಹೀಗೇ ಜೂನ್ 12 ಡಿಸೆಂಬರ್ 6 ಆಗುತ್ತೆ. 13ನೇ ತಾರೀಖು ಬಂದಾಗ 13ನೇ ತಿಂಗಳು ಅನ್ನೋದೇ ಇಲ್ಲವಲ್ಲ, ಅಲ್ಲಿಂದ ಎಲ್ಲಾ ಎರರ್.

ಟೇಬಲ್ ನೋಡುತ್ತಾ ಕೂತರೆ ಇದು ಸುಲಭಕ್ಕೆ ಕಾಣಲ್ಲ. ಮೇಲಿನ ಸಾಲುಗಳೆಲ್ಲ ಒಳ್ಳೆ ತಾರೀಖುಗಳ ಥರವೇ ಇರುತ್ತವೆ. ಪವರ್ ಕ್ವೆರಿಯಲ್ಲಿ ಕಾಲಂ ತಲೆಯ ಕೆಳಗೆ ಎಷ್ಟು ಶೇಕಡಾ ಸರಿ, ಎಷ್ಟು ಎರರ್, ಎಷ್ಟು ಖಾಲಿ ಅಂತ ತೋರಿಸುವ ಒಂದು ಪಟ್ಟಿ ಇದೆ. ಬಹಳ ಒಳ್ಳೆ ಸೌಲಭ್ಯ. ಆದರೆ ಅದು ತಾನಾಗಿ ನೋಡುವುದು ಮೊದಲ 1000 ಸಾಲುಗಳನ್ನು ಮಾತ್ರ. ಫೈಲ್ ತಾರೀಖಿನ ಕ್ರಮದಲ್ಲಿದ್ದರೆ ಆ 1000 ಸಾಲು ಜೂನ್‌ನ ಮೊದಲ ಕೆಲವು ದಿನಗಳಲ್ಲೇ ಮುಗಿದಿರುತ್ತೆ. ಆಗ ಪಟ್ಟಿ ಹಸಿರಾಗಿ, ನೂರಕ್ಕೆ ನೂರು ಸರಿ ಅಂತ ತೋರಿಸುತ್ತೆ. ಕೆಳಗೆ ಸ್ಟೇಟಸ್ ಬಾರ್‌ನಲ್ಲಿ ಒತ್ತಿ, ಇಡೀ ಡೇಟಾ ಸೆಟ್ ನೋಡು ಅಂತ ಬದಲಾಯಿಸಬೇಕು. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ಈಗ ಅದೇ ಡೇಟಾಗೆ ದಿನವಾರು ಮಾರಾಟದ ಒಂದು ಬಾರ್ ಚಾರ್ಟ್ ಹಾಕಿ. ಒಂದೇ ತಿಂಗಳ ಫೈಲ್, ಆದರೆ ಚಾರ್ಟ್ ಜನವರಿಯಿಂದ ಡಿಸೆಂಬರ್‌ವರೆಗೆ ಹರಡಿಕೊಂಡಿದೆ. ಪ್ರತಿ ತಿಂಗಳ 6ನೇ ತಾರೀಖು ಒಂದೊಂದು ಕಡ್ಡಿ ನಿಂತಿದೆ, ನಡುವೆ ಎಲ್ಲಾ ಖಾಲಿ. ಪಕ್ಕದಲ್ಲಿ ತಾರೀಖೇ ಇಲ್ಲದ ದೊಡ್ಡದೊಂದು ಕಡ್ಡಿ. ಇದನ್ನು ನೋಡಿದ ಮೇಲೆ ಏನಾಗಿದೆ ಅಂತ ಯಾರಾದರೂ ವಿವರಿಸಬೇಕಾ? ತಕ್ಷಣ ಗೊತ್ತಾಗುತ್ತೆ. ಪವರ್ ಕ್ವೆರಿಗೆ ಹಿಂದಿರುಗಿ, ಟೈಪ್ ಬದಲಾಯಿಸುವ ಕಡೆ ಲೊಕೇಲ್, ಅಂದರೆ ಯಾವ ದೇಶದ ರೀತಿ ಅನ್ನೋದನ್ನು, ಬಳಸುವ ಆಯ್ಕೆ ಒತ್ತಿ, ಇಂಗ್ಲಿಷ್ (ಇಂಡಿಯಾ) ಕೊಟ್ಟರೆ ಮುಗಿಯಿತು.

ಈಗ ಇದನ್ನೇ ಚಾರ್ಟ್ ನೋಡದವರು ಮಾಡಿದ್ದರೆ? ಎರರ್ ಬಂದಿದೆ, ಎರರ್ ತೆಗೆದುಹಾಕು ಅನ್ನೋ ಬಟನ್ ಇದೆ, ಒತ್ತಿದರು. ಜೂನ್ 13ರಿಂದ 30ರವರೆಗೆ, 18 ದಿನದ ಮಾರಾಟ ಸದ್ದಿಲ್ಲದೆ ಹೋಯಿತು. ಫೈಲ್ ಕ್ಲೀನ್ ಆಯಿತು ಅನ್ನೋದು ನಿಜ, ಎರರ್ ಒಂದೂ ಇಲ್ಲ. ಈ ಬಟನ್ ಬಗ್ಗೆ ನನಗೆ ನಿಜವಾಗಿಯೂ ಭಯ ಇದೆ. ಯಾಕೆ ಎರರ್ ಬಂತು ಅಂತ ಗೊತ್ತಾಗುವ ತನಕ ಅದನ್ನು ಮುಟ್ಟಬೇಡಿ.

ಅದೇ ಕಂಪನಿಯ ಇನ್ನೊಂದು ವಿಷಯ. ಯಾವ ಊರಿನಲ್ಲಿ ಎಷ್ಟು ಮಾರಾಟ ಅಂತ ನಕ್ಷೆ ಹಾಕಬೇಕು. 2014ರ ನವೆಂಬರ್ 1ರಂದು ನಮ್ಮ ರಾಜ್ಯದ 12 ಊರುಗಳ ಹೆಸರು ಬದಲಾಯಿತಲ್ಲ, ಬೆಂಗಳೂರಿನಿಂದ ಹಿಡಿದು ಹೊಸಪೇಟೆವರೆಗೆ ಇಂಗ್ಲಿಷ್ ಹೆಸರುಗಳು ಕನ್ನಡದ ಹೆಸರಿಗೆ ಬಂದವು. ಗಿರಾಕಿಗಳ ಪಟ್ಟಿ, ಅಂದರೆ ಪಾರ್ಟಿ ಮಾಸ್ಟರ್, ಹಳೇದು, ಅದರಲ್ಲಿ ಗುಲ್ಬರ್ಗಾ, ಶಿಮೊಗಾ, ಬಿಜಾಪುರ ಇದೆ. ಆರ್ಡರ್ ತಗೊಳ್ಳುವ ಮೊಬೈಲ್ ಆಪ್ ಹೊಸದು, ಅದರಲ್ಲಿ ಕಲಬುರಗಿ, ಶಿವಮೊಗ್ಗ, ವಿಜಯಪುರ ಇದೆ. ಬಾರ್ ಚಾರ್ಟ್ ಹಾಕಿದರೆ ಒಂದೇ ಊರಿಗೆ ಎರಡು ಕಡ್ಡಿ. ಇದು ಸುಲಭ, ಹಳೇ ಹೆಸರು ಹೊಸ ಹೆಸರು ಅಂತ ಎರಡು ಕಾಲಂ ಇರುವ ಚಿಕ್ಕ ಟೇಬಲ್ ಮಾಡಿ ಜೋಡಿಸಿದರೆ ಆಯಿತು.

ಆದರೆ ಬಿಜಾಪುರದ ಕಥೆ ಅಷ್ಟು ಸುಲಭ ಅಲ್ಲ. ಬಿಜಾಪುರ ಅನ್ನೋ ಜಿಲ್ಲೆ ಛತ್ತೀಸ್‌ಗಢದಲ್ಲೂ ಇದೆ. ಸರಿ, ಹೊಸ ಹೆಸರು ಹಾಕೋಣ ಅಂದರೆ ವಿಜಯಪುರ ಅನ್ನೋ ಇನ್ನೊಂದು ಪಟ್ಟಣ ದೇವನಹಳ್ಳಿ ತಾಲೂಕಿನಲ್ಲಿದೆ, ಬೆಂಗಳೂರಿನ ಹತ್ತಿರ. ನಕ್ಷೆಗೆ ಬರೀ ಊರಿನ ಹೆಸರು ಕೊಟ್ಟರೆ ಅದು ಯಾವ ಊರನ್ನು ಹಿಡಿಯುತ್ತೋ ಹೇಳಲಿಕ್ಕಾಗಲ್ಲ. ಕರ್ನಾಟಕದಲ್ಲಿ ಮಾತ್ರ ವ್ಯಾಪಾರ ಮಾಡುವ ಕಂಪನಿಯ ಒಂದು ಚುಕ್ಕಿ ಬಸ್ತರ್ ಕಡೆ ಹೋಗಿ ಕೂತಿರುವುದನ್ನು ನೋಡಿದಾಗ ನಿಮಗೆ ಗೊತ್ತಾಗುತ್ತೆ. ಆದರೆ ವಿಜಯಪುರದ ಮಾರಾಟ ದೇವನಹಳ್ಳಿ ಪಕ್ಕ ಹೋಗಿ ಬೆಂಗಳೂರಿನ ದೊಡ್ಡ ಚುಕ್ಕಿಯ ಹತ್ತಿರ ಕೂತರೆ? ನಕ್ಷೆಯನ್ನು ಹಿಗ್ಗಿಸಿ ನೋಡದ ಹೊರತು ಕಾಣಲ್ಲ.

ಈ ಗೊಂದಲ ಬಿಡಿಸುವ ದಾರಿ ಡೇಟಾದಲ್ಲೇ ಇರುತ್ತೆ. ಪಾರ್ಟಿಯ ಜಿಎಸ್‌ಟಿ ನಂಬರ್ ಇದೆಯಾ? ಅದು 15 ಅಕ್ಷರದ್ದು, ಮೊದಲ ಎರಡು ಅಂಕಿ ರಾಜ್ಯದ ಕೋಡ್. ಕರ್ನಾಟಕ 29, ಛತ್ತೀಸ್‌ಗಢ 22. ಅಲ್ಲಿಗೆ ಬಸ್ತರ್ ಬಿಜಾಪುರ ಬೇರೆ ಆಯಿತು. ಇನ್ನು ನಮ್ಮ ಎರಡು ವಿಜಯಪುರ ಬೇರೆ ಮಾಡಲು ಪಿನ್‌ಕೋಡ್ ನೋಡಿ. ಗೋಳಗುಮ್ಮಟದ ವಿಜಯಪುರ 586ರಿಂದ ಶುರು, ದೇವನಹಳ್ಳಿ ಕಡೆಯದು 562ರಿಂದ. ಊರು, ಜಿಲ್ಲೆ, ರಾಜ್ಯ, ದೇಶ ಎಲ್ಲ ಸೇರಿಸಿ ಒಂದೇ ಕಾಲಂ ಮಾಡಿ ನಕ್ಷೆಗೆ ಕೊಡಿ, ಚುಕ್ಕಿಗಳು ತಮ್ಮ ತಮ್ಮ ಜಾಗಕ್ಕೆ ಬರುತ್ತವೆ. ಹಾಂ, ಪಿನ್‌ಕೋಡನ್ನು ಟೆಕ್ಸ್ಟ್ ಅಂತಲೇ ಇಡಿ. ಸಂಖ್ಯೆ ಅಂತ ಬಿಟ್ಟರೆ ಪವರ್ ಬಿಐ ಎಲ್ಲಾ ಪಿನ್‌ಕೋಡ್‌ಗಳನ್ನು ಕೂಡಿಸಿ ಮೊತ್ತ ತೋರಿಸುತ್ತೆ. ಬ್ಯಾಂಕ್ ಖಾತೆ ನಂಬರ್ ಆದರೆ ಇನ್ನೂ ಕಷ್ಟ, ಎಕ್ಸೆಲ್ 15 ಅಂಕಿಗಿಂತ ಜಾಸ್ತಿ ನೆನಪಿಟ್ಟುಕೊಳ್ಳಲ್ಲ, ಮುಂದಿನದೆಲ್ಲ ಸೊನ್ನೆ ಆಗುತ್ತೆ. ಒಮ್ಮೆ ಸೊನ್ನೆ ಆದಮೇಲೆ ಅದನ್ನು ವಾಪಸ್ ತರಲು ಯಾವ ಸಾಧನಕ್ಕೂ ಆಗಲ್ಲ.

ಈಗ ನಾನು ಬಹಳ ಮುಖ್ಯ ಅಂದುಕೊಂಡಿರುವ ಉದಾಹರಣೆಗೆ ಬರುತ್ತೇನೆ. ಅದೇ ಕಂಪನಿ, ಜಿಲ್ಲಾವಾರು ಐದಾರು ವರ್ಷದ ಲೈನ್ ಚಾರ್ಟ್. ಬಳ್ಳಾರಿ ಗೆರೆ 2021ರ ನಂತರ ದಿಢೀರ್ ಕೆಳಗೆ ಬೀಳುತ್ತೆ. ಮೀಟಿಂಗ್‌ನಲ್ಲಿ ಇದನ್ನು ಹಾಕಿದರೆ ಮೊದಲ ಪ್ರಶ್ನೆ, ಬಳ್ಳಾರಿ ಸೇಲ್ಸ್ ಮ್ಯಾನೇಜರ್ ಯಾರು? ಪಾಪ, ಅವರು ಏನೂ ಮಾಡಿಲ್ಲ. 2021ರಲ್ಲಿ ಬಳ್ಳಾರಿಯಿಂದ ಒಡೆದು ವಿಜಯನಗರ ಜಿಲ್ಲೆ ಆಯಿತು, ಹೊಸಪೇಟೆಯ ಮಾರಾಟ ಎಲ್ಲಾ ಆ ಕಡೆ ಹೋಯಿತು. ಡೇಟಾದಲ್ಲಿ ಒಂದು ತಪ್ಪೂ ಇಲ್ಲ. ಪ್ರತಿ ಸಾಲೂ ಸರಿ. ಖಾಲಿ ಇಲ್ಲ, ಎರರ್ ಇಲ್ಲ, ಎರಡೆರಡು ಸಲ ಬಂದದ್ದಿಲ್ಲ. ಆದರೂ ಚಾರ್ಟ್ ಸುಳ್ಳು ಹೇಳುತ್ತೆ.

ಇದನ್ನು ಯಾರು ಸರಿ ಮಾಡಬೇಕು? ಮೂರು ದಾರಿ ಇದೆ. ಹಳೇ ವರ್ಷಗಳ ಡೇಟಾವನ್ನು ತಾಲೂಕು ನೋಡಿ ಎರಡು ಜಿಲ್ಲೆಗೆ ಹಂಚಬಹುದು. ಹೊಸ ವರ್ಷಗಳಲ್ಲಿ ಎರಡನ್ನೂ ಕೂಡಿಸಿ ಹಳೇ ಬಳ್ಳಾರಿ ಅಂತ ತೋರಿಸಬಹುದು. ಇಲ್ಲವಾದರೆ ಗೆರೆಯನ್ನು ಹಾಗೇ ಬಿಟ್ಟು 2021ರ ಮೇಲೆ ಒಂದು ಟಿಪ್ಪಣಿ ಹಾಕಬಹುದು. ಸೇಲ್ಸ್‌ನವರ ಟಾರ್ಗೆಟ್ ಹೊಸ ಜಿಲ್ಲೆಯ ಪ್ರಕಾರ ಇದ್ದರೆ ಮೊದಲನೇದು ಸರಿ. ಗೋದಾಮು ಇನ್ನೂ ಬಳ್ಳಾರಿಯಲ್ಲಿ ಒಂದೇ ಇದ್ದರೆ, ಲಾರಿ ಅಲ್ಲಿಂದಲೇ ಹೊಸಪೇಟೆಗೆ ಹೋಗುತ್ತಿದ್ದರೆ ಎರಡನೇದು ಸರಿ. ಇದು ಡೇಟಾ ಟೀಮಿಗೆ ಗೊತ್ತಿರುವ ವಿಷಯ ಅಲ್ಲ, ಗೊತ್ತಿರಬೇಕು ಅಂತ ನಿರೀಕ್ಷಿಸುವುದೂ ತಪ್ಪು. ನಿಮಗೆ ಗೊತ್ತು. ಡೇಟಾ ಕ್ಲೀನ್ ಮಾಡುವುದನ್ನು ನಾವು ಸುಮ್ನೆ ಗುಮಾಸ್ತಿಕೆ ಅಂದುಕೊಂಡುಬಿಟ್ಟಿದ್ದೇವೆ. ಅಲ್ಲಿ ತಗೊಳ್ಳುವ ಅರ್ಧಕ್ಕರ್ಧ ತೀರ್ಮಾನಗಳು ವ್ಯಾಪಾರದ ತೀರ್ಮಾನಗಳು. ಅದಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ಟೇಬಲ್‌ಗಳನ್ನು ಜೋಡಿಸುವಾಗ ಆಗುವುದರ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಮಾರಾಟದ ಟೇಬಲ್‌ಗೆ ರೇಟ್ ಲಿಸ್ಟ್ ಜೋಡಿಸುತ್ತೀರಿ. ರೇಟ್ ಲಿಸ್ಟ್‌ನಲ್ಲಿ ಒಂದು ಐಟಂ ಎರಡು ಸಲ ಇದೆ, ಹಳೇ ಎಂಆರ್‌ಪಿ ಒಂದು, ಹೊಸದು ಒಂದು. ಆ ಐಟಂನ ಪ್ರತಿ ಮಾರಾಟದ ಸಾಲೂ ಎರಡಾಗುತ್ತೆ, ಮೊತ್ತ ಏರುತ್ತೆ. ಮಾರಾಟ ಏರಿದರೆ ಯಾರೂ ಪ್ರಶ್ನೆ ಕೇಳಲ್ಲ, ಅದೇ ಅಪಾಯ. ಜೋಡಿಸುವ ಮೊದಲು ಎಷ್ಟು ಸಾಲು, ಎಷ್ಟು ಮೊತ್ತ ಇತ್ತು, ಆಮೇಲೆ ಎಷ್ಟಾಯಿತು, ಎರಡನ್ನೂ ಪಕ್ಕಪಕ್ಕ ಒಂದು ಪುಟದಲ್ಲಿ ಇಟ್ಟುಕೊಳ್ಳಿ. ಪವರ್ ಕ್ವೆರಿಯಲ್ಲಿ ಲೆಫ್ಟ್ ಆಂಟಿ ಅನ್ನೋ ಜೋಡಣೆ ಇದೆ, ಇನ್ನೊಂದು ಟೇಬಲ್‌ನಲ್ಲಿ ಜೋಡಿ ಸಿಗದ ಸಾಲುಗಳನ್ನು ಮಾತ್ರ ತೋರಿಸುತ್ತೆ. ನನಗೆ ಎಲ್ಲಕ್ಕಿಂತ ಇಷ್ಟದ ಜೋಡಣೆ ಅದು. ಟ್ಯಾಬ್ಲೋ ಪ್ರೆಪ್‌ನಲ್ಲಿ ಜೋಡಿ ಸಿಗದವು ಕೆಂಪು ಬಣ್ಣದಲ್ಲೇ ಕಾಣುತ್ತವೆ.

ಇದರ ಜೊತೆಗೆ ಪವರ್ ಬಿಐ ಬಳಸುವವರನ್ನು ಬಹಳ ಗೋಳಾಡಿಸುವ ಒಂದು ವಿಚಾರ ಇದೆ. ಪವರ್ ಕ್ವೆರಿಗೆ ಇಂಗ್ಲಿಷ್‌ನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಆದರೆ ಪವರ್ ಬಿಐನ ಒಳಗಿನ ಡೇಟಾ ಮಾಡೆಲ್‌ಗೆ ಎರಡೂ ಒಂದೇ. ನೀವು ಪವರ್ ಕ್ವೆರಿಯಲ್ಲಿ ಡುಪ್ಲಿಕೇಟ್ ತೆಗೆದಿರುತ್ತೀರಿ, ಒಂದೇ ಅಂಗಡಿ ಹೆಸರು ಒಂದು ಕಡೆ ದೊಡ್ಡಕ್ಷರದಲ್ಲಿ, ಇನ್ನೊಂದು ಕಡೆ ಸಣ್ಣಕ್ಷರದಲ್ಲಿ ಉಳಿದಿರುತ್ತೆ. ಡೇಟಾ ಮಾಡೆಲ್‌ಗೆ ಹೋದರೆ ಅದು ಡುಪ್ಲಿಕೇಟ್ ಇದೆ ಅಂತ ಜಗಳ ತೆಗೆಯುತ್ತೆ. ಮೊದಲೇ ಎಲ್ಲವನ್ನೂ ಒಂದೇ ರೀತಿಯ ಅಕ್ಷರಕ್ಕೆ ತಂದು, ಹಿಂದೆ ಮುಂದೆ ಇರುವ ಖಾಲಿ ಜಾಗ ತೆಗೆದು, ಆಮೇಲೆ ಡುಪ್ಲಿಕೇಟ್ ತೆಗೆಯಿರಿ.

ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯಿಂದ ಡೇಟಾ ತಗೊಳ್ಳುವವರು ಎಷ್ಟು ಮಂದಿ ಇದ್ದೀರಿ? ತುಂಬಾ ಕೈ ಮೇಲೆದ್ದಿವೆ, ನಮ್ಮ ಬೆಂಗಳೂರಿನದೇ ಸಾಫ್ಟ್‌ವೇರ್ ಅಲ್ವಾ. ಎಕ್ಸೆಲ್‌ಗೆ ತೆಗೆದಾಗ ಕೆಲವು ರಿಪೋರ್ಟ್‌ಗಳಲ್ಲಿ ಮೊತ್ತದ ಪಕ್ಕ ಡೆಬಿಟ್, ಕ್ರೆಡಿಟ್ ಗುರುತು ಕಾಣುತ್ತೆ. ಅದು ಹಲವು ಸಲ ಸೆಲ್‌ನ ಒಳಗೆ ಇರಲ್ಲ, ಮೇಲಿನ ಫಾರ್ಮ್ಯಾಟ್ ಅಷ್ಟೇ. ಪವರ್ ಕ್ವೆರಿ ಒಳಗಿನ ಅಂಕಿಯನ್ನು ಮಾತ್ರ ಓದುತ್ತೆ, ಫಾರ್ಮ್ಯಾಟ್ ಓದಲ್ಲ. ಕೊಡಬೇಕಾದದ್ದು, ಬರಬೇಕಾದದ್ದು ಎರಡೂ ಒಂದೇ ಕಡೆ ಕೂಡಿ ಹೋಗುತ್ತೆ. ಡೆಬಿಟ್‌ಗೆ, ಕ್ರೆಡಿಟ್‌ಗೆ ಬೇರೆ ಬೇರೆ ಕಾಲಂ ಬರುವ ರಿಪೋರ್ಟ್ ಇದ್ದರೆ ಅದನ್ನೇ ತೆಗೆಯಿರಿ.

ಕನ್ನಡದ ಡೇಟಾ ಬಗ್ಗೆ ಹೇಳದೆ ಹೋದರೆ ಮನಸ್ಸಿಗೆ ಸಮಾಧಾನ ಆಗಲ್ಲ. ಸಹಕಾರ ಸಂಘ, ಪಂಚಾಯಿತಿ, ಸಣ್ಣ ಹಣಕಾಸು ಸಂಸ್ಥೆಗಳ ಜೊತೆ ಕೆಲಸ ಮಾಡುವವರಿಗೆ ಹೆಸರುಗಳೆಲ್ಲ ಕನ್ನಡದಲ್ಲೇ ಬರುತ್ತವೆ. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದರೆ ಒಳಗೆ ಇರುವುದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರಗಳ ಕೋಡ್. ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತೆ ಅಷ್ಟೇ. ಚಾರ್ಟ್‌ಗೆ ಹಾಕಿದ ಕೂಡಲೇ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಇಂಥದ್ದನ್ನು ಮೊದಲು ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ, ಅಂದರೆ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ವ್ಯವಸ್ಥೆಗೆ, ತಂದೇ ಮುಂದೆ ಹೋಗಬೇಕು, ಬೇರೆ ದಾರಿ ಇಲ್ಲ.

ಯೂನಿಕೋಡ್‌ನಲ್ಲೇ ಇದ್ದರೂ ಒಂದು ತೊಡಕು ಇದೆ. ಬ್ಯಾಂಕ್ ಅಂತ ಟೈಪ್ ಮಾಡಿದಾಗ ಕೆಲವು ಕೀಬೋರ್ಡ್‌ಗಳು ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತವೆ, ಕೆಲವು ಸೇರಿಸಲ್ಲ. ನೋಡಲು ಎರಡೂ ಒಂದೇ. ಕಂಪ್ಯೂಟರ್‌ಗೆ ಬೇರೆ ಬೇರೆ. ಟೇಬಲ್‌ನಲ್ಲಿ ಸಾವಿರ ಸಾಲು ಕಣ್ಣಾಡಿಸಿದರೂ ಸಿಗಲ್ಲ. ಬಾರ್ ಚಾರ್ಟ್ ಹಾಕಿ, ಬ್ಯಾಂಕ್ ಅನ್ನೋ ಹೆಸರಿನ ಎರಡು ಕಡ್ಡಿ ಎದ್ದು ನಿಲ್ಲುತ್ತೆ. ಆ ಕಾಣದ ಅಕ್ಷರದ ಸಂಖ್ಯೆ ಯೂನಿಕೋಡ್‌ನಲ್ಲಿ 8204. ಅದನ್ನು ಎಲ್ಲಾ ಕಡೆ ತೆಗೆದುಬಿಟ್ಟರೆ ಡ್ಯಾಶ್‌ಬೋರ್ಡ್‌ನಂಥ ಪದಗಳ ನಡುವೆ ಬೇಕಾಗಿಯೇ ಇರುವುದೂ ಹೋಗಿ ಒತ್ತಕ್ಷರ ಆಗುತ್ತೆ. ಹಾಗಾಗಿ ಹೆಸರಿನ ಕಾಲಂ ಹಾಗೇ ಬಿಡಿ, ಜೋಡಿಸಲಿಕ್ಕೆ ಅಂತಲೇ ಇನ್ನೊಂದು ಕಾಲಂ ಮಾಡಿ, ಅದರಲ್ಲಿ ಮಾತ್ರ ತೆಗೆಯಿರಿ.

ಟ್ಯಾಬ್ಲೋ ಪ್ರೆಪ್‌ನಲ್ಲಿ ಉಚ್ಚಾರಣೆ ನೋಡಿ ಹೆಸರುಗಳನ್ನು ಗುಂಪು ಮಾಡುವ ಸೌಲಭ್ಯ ಇದೆ, ಅದು ಇಂಗ್ಲಿಷ್ ಪದಗಳಿಗೆ ಹೇಳಿ ಮಾಡಿಸಿದ್ದು. ನಮ್ಮ ಊರು, ನಮ್ಮ ಜನರ ಹೆಸರಿಗೆ ಅದನ್ನು ನಂಬಬೇಡಿ. ಕಾಗುಣಿತ ನೋಡಿ ಗುಂಪು ಮಾಡುವ ಆಯ್ಕೆ ವಾಸಿ. ದುಡ್ಡಿಲ್ಲದೆ ಬೇಕು ಅಂದರೆ ಓಪನ್‌ರಿಫೈನ್ ಇದೆ, ಗೂಗಲ್ ರಿಫೈನ್ ಆಗಿದ್ದದ್ದು 2012ರಿಂದ ಈ ಹೆಸರಿನಲ್ಲಿ ಎಲ್ಲರಿಗೂ ಉಚಿತ. ಹೆಸರು ಗುಂಪು ಮಾಡುವುದರಲ್ಲಿ ಅದು ಈಗಲೂ ಬಹಳ ಗಟ್ಟಿ. ಆದರೆ ಯಾವ ಸಾಧನವೇ ಆಗಲಿ, ಅದು ಕೊಟ್ಟ ಗುಂಪನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಹೊಸಹಳ್ಳಿ, ಹೊಸಳ್ಳಿ ಒಂದೇ ಊರಾ ಎರಡಾ ಅಂತ ಆ ರೂಟಿನ ಸೇಲ್ಸ್‌ಮನ್‌ಗೆ ಒಂದು ಫೋನ್ ಮಾಡಿದರೆ ಗೊತ್ತಾಗುತ್ತೆ.

ಈಗ ಎಚ್ಚರಿಕೆಯ ಮಾತು. ಎರಡೂ ಕೆಲಸ ಒಂದೇ ಕಡೆ ಮಾಡಿ ಅಂದೆ, ಎರಡನ್ನೂ ಕಲಸಿ ಹಾಕಿ ಅಂತ ಹೇಳಲಿಲ್ಲ. ಚಾರ್ಟ್ ನೋಡುತ್ತಾ ತಪ್ಪು ಸಿಕ್ಕಿತು ಅಂತ ಚಾರ್ಟ್‌ನಲ್ಲೇ ಸರಿ ಮಾಡಿಬಿಡುವ ಆಸೆ ಬರುತ್ತೆ. ಟ್ಯಾಬ್ಲೋದಲ್ಲಿ ಹೆಸರಿಗೆ ಅಲಿಯಾಸ್ ಕೊಡಬಹುದು, ಪವರ್ ಬಿಐನಲ್ಲಿ ಎರಡು ಕಡ್ಡಿ ಆರಿಸಿ ಗುಂಪು ಮಾಡಬಹುದು, ಬೇಡದ್ದನ್ನು ಫಿಲ್ಟರ್ ಹಾಕಿ ಮುಚ್ಚಬಹುದು. ಆ ಚಾರ್ಟ್ ಸರಿಯಾಗುತ್ತೆ. ಮುಂದಿನ ರಿಪೋರ್ಟ್ ಮಾಡುವವರಿಗೆ ಅದು ಗೊತ್ತೇ ಇರಲ್ಲ, ಅವರ ಅಂಕಿ ಬೇರೆ, ನಿಮ್ಮ ಅಂಕಿ ಬೇರೆ, ಮೀಟಿಂಗ್‌ನಲ್ಲಿ ಅದೇ ಚರ್ಚೆ. ಕಂಡದ್ದು ಚಾರ್ಟ್‌ನಲ್ಲಾದರೂ ತಿದ್ದುವುದು ಹಿಂದೆ, ಪವರ್ ಕ್ವೆರಿಯಲ್ಲೋ ಪ್ರೆಪ್‌ನಲ್ಲೋ, ಹೆಜ್ಜೆಯಾಗಿ ಉಳಿಯುವ ಕಡೆ ಆಗಬೇಕು. ಪವರ್ ಬಿಐ ವಲಯದಲ್ಲಿ ಮ್ಯಾಥ್ಯೂ ರೋಶ್ ಅವರ ಹೆಸರಲ್ಲಿ ಒಂದು ಸೂತ್ರ ಓಡಾಡುತ್ತೆ. ಡೇಟಾ ಬದಲಾವಣೆಯನ್ನು ಆದಷ್ಟೂ ಮೂಲದ ಹತ್ತಿರ ಮಾಡಿ, ಬೇಕೇ ಬೇಕಾದಷ್ಟನ್ನು ಮಾತ್ರ ಕೆಳಗೆ, ಅಂದರೆ ರಿಪೋರ್ಟ್ ಕಡೆ, ಮಾಡಿ ಅನ್ನೋದು ಅದರ ಸಾರ. ನಾನೂ ಅದನ್ನೇ ಪಾಲಿಸುತ್ತೇನೆ.

ಹೆಜ್ಜೆಗಳಿಗೆ ಹೆಸರು ಕೊಡಿ. ಪವರ್ ಕ್ವೆರಿ ತಾನಾಗಿ ಕೊಡುವ ಹೆಸರುಗಳು, ಸಾಲು ಸೋಸಿದೆ 1, ಸಾಲು ಸೋಸಿದೆ 2 ಥರದವು, ಆರು ತಿಂಗಳ ನಂತರ ಯಾರಿಗೂ ಅರ್ಥ ಆಗಲ್ಲ. ರದ್ದಾದ ಬಿಲ್ ತೆಗೆದದ್ದು, ಬಳ್ಳಾರಿ ವಿಜಯನಗರ ಹಂಚಿದ್ದು ಅಂತ ಬರೆಯಿರಿ. ಹಳೇ ಹೆಸರು ಹೊಸ ಹೆಸರಿನ ಟೇಬಲ್ ಇದೆಯಲ್ಲ, ಅದರಲ್ಲಿ ಯಾರು ಹೇಳಿದ್ದು, ಯಾವಾಗ ಅಂತ ಇನ್ನೆರಡು ಕಾಲಂ ಸೇರಿಸಿ. ಆಡಿಟ್‌ನವರು ಬಂದಾಗ ನಿಮ್ಮನ್ನು ಕಾಪಾಡುವುದು ಅದೇ.

ಇದೆಲ್ಲ ಸಣ್ಣಪುಟ್ಟದ್ದು ಅಂತ ಅನಿಸಿದರೆ ಇಂಗ್ಲೆಂಡಿನಲ್ಲಿ ಆದದ್ದು ಕೇಳಿ. 2020ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರು. ಕೋವಿಡ್ ಪರೀಕ್ಷೆಯ ಫಲಿತಾಂಶಗಳು ಅಲ್ಲಿನ ಆರೋಗ್ಯ ಸಂಸ್ಥೆಗೆ ಬರುತ್ತಿದ್ದವು. ಒಳಗೆ ಅವನ್ನು ಹಾಕುತ್ತಿದ್ದದ್ದು ಹಳೇ ಮಾದರಿಯ ಎಕ್ಸೆಲ್ ಫೈಲ್‌ಗೆ. ಅದರಲ್ಲಿ 65,536 ಸಾಲು ಮಾತ್ರ ಹಿಡಿಯುತ್ತೆ. ತುಂಬಿದ ಮೇಲೆ ಬಂದವು ಬಿದ್ದುಹೋದವು. 15,841 ಪಾಸಿಟಿವ್ ಪ್ರಕರಣಗಳು ದಿನದ ಲೆಕ್ಕಕ್ಕೆ ಸಮಯಕ್ಕೆ ಸರಿಯಾಗಿ ಬರಲಿಲ್ಲ, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದೂ ತಡ ಆಯಿತು. ಎಷ್ಟು ಸಾಲು ಬಂತು, ಎಷ್ಟು ಒಳಗೆ ಹೋಯಿತು ಅಂತ ಪಕ್ಕಪಕ್ಕ ಎರಡು ಅಂಕಿ ಇಟ್ಟು ನೋಡಿದ್ದರೆ ಮೊದಲ ದಿನವೇ ಕಾಣುತ್ತಿತ್ತು ಅನ್ನೋದು ನನ್ನ ನಂಬಿಕೆ. ಅದಕ್ಕೇ ನಾನು ಮಾಡುವ ಪ್ರತಿ ಡ್ಯಾಶ್‌ಬೋರ್ಡ್‌ನಲ್ಲೂ ಕೊನೆಗೆ ಒಂದು ಪುಟ ಇರುತ್ತೆ. ಎಷ್ಟು ಸಾಲು ಬಂತು, ಎಷ್ಟು ಬಿಟ್ಟೆವು, ಯಾಕೆ ಬಿಟ್ಟೆವು, ಯಾವ ತಾರೀಖಿನವರೆಗಿನ ಡೇಟಾ ಇದು. ಮ್ಯಾನೇಜರ್‌ಗಳು ಆ ಪುಟ ನೋಡಲ್ಲ ಅಂತ ಕೆಲವರು ಹೇಳುತ್ತಾರೆ. ನೋಡುತ್ತಾರೆ, ಅಂಕಿ ಬಗ್ಗೆ ಸಂಶಯ ಬಂದ ದಿನ ಮೊದಲು ಅದನ್ನೇ ತೆಗೆಯುತ್ತಾರೆ.

ಯಾವ ಸಾಧನ ತಗೊಳ್ಳಬೇಕು ಅನ್ನೋದಕ್ಕೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕಂಪನಿಯಲ್ಲಿ ಎಲ್ಲರೂ ಎಕ್ಸೆಲ್‌ನಲ್ಲಿದ್ದರೆ, ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ, ಪವರ್ ಬಿಐ ಡೆಸ್ಕ್‌ಟಾಪ್. ಉಚಿತವಾಗಿ ಸಿಗುತ್ತೆ, ಸರಿಪಡಿಸುವುದು, ಬಿಡಿಸುವುದು ಎರಡೂ ಒಂದೇ ಫೈಲ್‌ನಲ್ಲಿ. ಮ್ಯಾಕ್‌ನಲ್ಲಿ ಅದು ಬರಲ್ಲ. ಈಗಾಗಲೇ ಟ್ಯಾಬ್ಲೋ ಇರುವ ಕಡೆ ಪ್ರೆಪ್ ಕಲಿಯಿರಿ, ಅದು ಬೇರೆ ಆಪ್ ಆದರೂ ಪ್ರತಿ ಹೆಜ್ಜೆಯಲ್ಲೂ ಪ್ರತಿ ಕಾಲಂಗೆ ಸಣ್ಣ ಚಾರ್ಟ್ ತೋರಿಸುತ್ತೆ, ನಾನು ಹೇಳುತ್ತಿರುವ ರೀತಿಗೆ ಅದು ಬಹಳ ಹತ್ತಿರ. ಸಾಧನ ಬದಲಾಯಿಸಲು ಜಗಳ ಆಡುವುದಕ್ಕಿಂತ ಇರುವುದರಲ್ಲಿ ಕೆಲಸದ ರೀತಿ ಬದಲಾಯಿಸುವುದು ಬೇಗ ಆಗುತ್ತೆ.

ಪ್ರಶ್ನೆಗಳಲ್ಲಿ ಮೊದಲನೇದು, ಪೈಥಾನ್ ಕಲಿತರೆ ಇದೆಲ್ಲ ಬೇಡ ಅಲ್ವಾ ಅಂತ. ಕಲಿಯಿರಿ, ಪೈಥಾನ್‌ನಲ್ಲಿ ಡೇಟಾ ಕೆಲಸಕ್ಕೆ ಇರುವ ಪಾಂಡಾಸ್ ಬಹಳ ಶಕ್ತಿಯ ಸಾಧನ. ಆದರೆ ನೀವು ರಜೆ ಹಾಕಿದ ದಿನ ಅಕೌಂಟ್ಸ್‌ನವರು ನಿಮ್ಮ ಹೆಜ್ಜೆಗಳನ್ನು ಓದಬೇಕು. ಪವರ್ ಕ್ವೆರಿಯ ಹೆಜ್ಜೆ ಪಟ್ಟಿಯನ್ನು ಅವರು ಓದುತ್ತಾರೆ, ಕೋಡ್ ಓದಲ್ಲ.

ಎರಡನೇದು, ಎಐ ಇದನ್ನೆಲ್ಲ ತಾನೇ ಮಾಡಿಬಿಡುತ್ತಲ್ಲ ಅನ್ನೋದು. ಸಹಾಯ ಖಂಡಿತ ಮಾಡುತ್ತೆ, ಪವರ್ ಕ್ವೆರಿಯ ಎಮ್ ಭಾಷೆಯಲ್ಲಿ ಬರೆದು ಕೊಡುತ್ತೆ, ನಾನೂ ಬಳಸುತ್ತೇನೆ. ಸಾಧನವೇ ಸಲಹೆ ಕೊಡುವುದು ಹೊಸದೇನಲ್ಲ, 2011ರ ರ‍್ಯಾಂಗ್ಲರ್ ಕೂಡ ಕೊಡುತ್ತಿತ್ತು. ಆದರೆ ನಿಮ್ಮ ಗೋದಾಮು ಬಳ್ಳಾರಿಯಲ್ಲಿದೆಯೋ ಹೊಸಪೇಟೆಯಲ್ಲಿದೆಯೋ ಅಂತ ಅದಕ್ಕೆ ನೀವು ಹೇಳಬೇಕು. ಹೇಳದಿದ್ದರೆ ಮೂರರಲ್ಲಿ ಯಾವುದೋ ಒಂದು ದಾರಿ ಹಿಡಿದು ಮುಗಿಸುತ್ತೆ, ಚಾರ್ಟ್ ಚೆನ್ನಾಗಿಯೇ ಕಾಣುತ್ತೆ.

ಕೊನೇ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ನಮಗೆ ಡೇಟಾಬೇಸ್ ಮುಟ್ಟಲು ಬಿಡಲ್ಲ, ತಿಂಗಳಿಗೊಂದು ಸಿಎಸ್‌ವಿ (ಟೇಬಲ್ ಅನ್ನು ಬರೀ ಟೆಕ್ಸ್ಟ್ ಆಗಿ ಇಡುವ ಫೈಲ್) ಮೇಲ್‌ನಲ್ಲಿ ಬರುತ್ತೆ, ನಾವೇನು ಮಾಡೋದು? ಅದರಲ್ಲೇ ಶುರು ಮಾಡಿ. ಒಂದು ಫೋಲ್ಡರ್ ಮಾಡಿ, ಬಂದ ಫೈಲ್‌ಗಳನ್ನು ಅದಕ್ಕೆ ಹಾಕುತ್ತಾ ಹೋಗಿ. ಪವರ್ ಕ್ವೆರಿಯಲ್ಲಿ ಇಡೀ ಫೋಲ್ಡರ್ ಓದಿ ಒಂದೇ ಟೇಬಲ್ ಮಾಡುವ ಆಯ್ಕೆ ಇದೆ. ಫೈಲ್ ಹೆಸರಿನ ಕಾಲಂ ಬೇಡ ಅಂತ ಅಳಿಸಬೇಡಿ, ಅದನ್ನು ಉಳಿಸಿಕೊಂಡು ಫೈಲ್‌ವಾರು ಎಷ್ಟು ಸಾಲು ಅಂತ ಒಂದು ಬಾರ್ ಚಾರ್ಟ್ ಹಾಕಿ. ಬೇರೆಲ್ಲಾ ಕಡ್ಡಿ ಎತ್ತರ ಇದ್ದು ಒಂದು ಮಾತ್ರ ಮೋಟುದ್ದ ಇದ್ದರೆ ಆ ತಿಂಗಳ ಫೈಲ್ ಅರ್ಧ ಬಂದಿರಬಹುದು, ಕಳಿಸಿದವರನ್ನು ಅವತ್ತೇ ಕೇಳಿ. ಇದಕ್ಕೆ ಐಟಿಯವರ ಅನುಮತಿ ಬೇಡ, ಹೊಸ ಲೈಸೆನ್ಸ್ ಬೇಡ, ಎಕ್ಸೆಲ್ ಒಂದಿದ್ದರೆ ಸಾಕು.